ಕಿಟಕಿಯ ಜೋಡಿ ಹೂದಾನಿ

ವೀಟ್ಸ್ಕೆ ಬಲಗಡೆಯ ಹೂದಾನಿಯ ಕೊರಳಿಗೆ ಒಂದು ಕೈ, ಹೊಟ್ಟೆಗೆ ಒಂದು ಕೈ ಕೊಟ್ಟು ಮೆಲ್ಲಗೆ ವಾಲಿಸಿದಳು. ಒಳಗೆ ಏನೋ ಗಲಗಲ ಎಂದಿತು.

ಕೈ ತೆಗೆಯದೆ ಇನ್ನೊಮ್ಮೆ ವಾಲಿಸಿದಳು. ಮತ್ತೆ ಗಲಗಲ.

“ಏನಂತೆ ಹೂದಾನಿ?” ಎಂದರು ಇನ್‌ಸ್ಪೆಕ್ಟರ್ ಹೀಮ್‌ಸ್ಟ್ರಾ. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಈ ಹೆಂಗಸಿನ ಕಾಟ ತಾಳದೆ ಮನೆಯ ಮೊಹರು ಒಡೆದು ಒಳಗೆ ಬಿಟ್ಟಿದ್ದೇ ತಪ್ಪಾಯಿತೇನೋ ಎನ್ನುವ ಮುಖ.

“ಸದ್ದು ಕೇಳಿಸ್ತಲ್ಲ ಸಾರ್?”

“ಅಲ್ಲಾಡಿಸಿದರೆ ಯಾವುದಾದ್ರೂ ಸದ್ದು ಮಾಡುತ್ತೆ.”

“ನಾನು ಇಲ್ಲಿ ಇಟ್ಟ ಹೂದಾನಿ ಸದ್ದು ಮಾಡಲ್ಲ.”

ಅವಳು ಅದನ್ನು ಜಂಬಕ್ಕೆ ಹೇಳಲಿಲ್ಲ. ಹಾರ್ಲಿಂಗನ್ ಬಂದರಿನ ಹಿಂದಿನ ಓಣಿಯಲ್ಲಿ ಅವಳದು ದೊಡ್ಡ ಹೂದಾನಿಗಳ ಅಂಗಡಿ. ಆದರೆ ಅಂಗಡಿಗೆ ಬಂದವರಿಗೆ ಅವಳು ಅಲ್ಲೇ ಮಾರಿ ಕಳಿಸುತ್ತಿರಲಿಲ್ಲ. ಮೊದಲು ಮನೆ ತೋರಿಸಿ ಎನ್ನುತ್ತಿದ್ದಳು. ಸೂರು ಎಷ್ಟು ಎತ್ತರ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಮನೆಯಲ್ಲಿ ನಾಯಿ ಇದೆಯೇ, ಬಾಗಿಲು ತೆರೆದರೆ ಗಾಳಿ ಎಲ್ಲಿಗೆ ನುಗ್ಗುತ್ತದೆ, ಎಲ್ಲ ನೋಡಿ ಆಮೇಲೆ ಹೂದಾನಿ ಆರಿಸಿ, ತಾನೇ ತಂದು ನಿಲ್ಲಿಸಿ, ಕೊಂಬೆ ಜೋಡಿಸಿ ಬರುತ್ತಿದ್ದಳು. ಸಿಬ್ರೆನ್ ವಿಯಾರ್ಡಾನ ಈ ಕಿಟಕಿಯನ್ನೂ ಅವಳೇ ಸಿಂಗರಿಸಿದ್ದಳು.

ಕಳೆದ ಶುಕ್ರವಾರ ಸಂಜೆ ಇದೇ ಕಿಟಕಿಯ ಕೆಳಗೆ ಸಿಬ್ರೆನ್ ತಲೆಗೆ ಪೆಟ್ಟು ಬಿದ್ದು ಸತ್ತಿದ್ದ; ಆ ಕೊಲೆಯ ಗುಮಾನಿಯ ಮೇಲೆ ವೀಟ್ಸ್ಕೆಯ ತಮ್ಮ ಡೌವೆ ಠಾಣೆಯಲ್ಲಿದ್ದ. ಅವನನ್ನು ಹೊರಗೆ ತರುವಂಥದ್ದೇನಾದರೂ ಇದ್ದರೆ ಅದು ಈ ಕೋಣೆಯಲ್ಲೇ ಇದೆ ಎಂದು ಅವಳಿಗೆ ಖಾತ್ರಿಯಿತ್ತು.

“ಮೈಂಡರ್ಟ್, ಕಂಬಳಿ ಹಾಸು.”

ಅವಳ ಗಂಡ ಕಂಕುಳಲ್ಲಿದ್ದ ಕಂಬಳಿಯನ್ನು ನೆಲಕ್ಕೆ ಹರವಿದ. ವ್ಯಾನ್ ಓಡಿಸುವುದು, ಹೊರುವುದು, ಏಣಿ ಹಿಡಿಯುವುದು ಅವನ ಪಾಲಿನ ಕೆಲಸ. “ಸಾಕು ಬಿಡೆ. ಒಡೆದರೆ ಅದನ್ನೂ ನಮ್ಮ ಮನೆಯವರ ತಲೆಗೇ ಕಟ್ತಾರೆ.”

“ನನ್ನ ಕೈಯಲ್ಲಿ ಯಾವತ್ತು ಒಡೆದಿದೆ?”

“ಒಡೆದಿಲ್ಲ ಅಂತಲೇ ಹೇಳ್ತಿರೋದು. ಇವತ್ತು ಶುರು ಮಾಡೋದು ಬೇಡ.”

ಇನ್‌ಸ್ಪೆಕ್ಟರ್ ಮೊದಲ ಸಲ ನಕ್ಕರು.

ಅಗಲವಾದ ತಗ್ಗು ಕಿಟಕಿಕಟ್ಟೆಯ ಎರಡು ತುದಿಯಲ್ಲಿ ಎರಡು ಹೂದಾನಿಗಳು ನಿಂತಿದ್ದವು. ಒಂದೊಂದೂ ನಡೆಯಲು ಕಲಿತ ಮಗುವಿನ ಎತ್ತರ. ಬಿಳಿಯ ಮೇಲೆ ನೀಲಿ ಹಡಗುಗಳ ಚಿತ್ರ. ಆ ಚಿತ್ರವೆಲ್ಲ ಬೀದಿಯ ಕಡೆಗಿತ್ತು. ಮನೆಯವರ ಕಡೆಗೆ ಬರಿಯ ಬಿಳಿ ಬೆನ್ನು. ಈ ಬೀದಿಯ ಎಲ್ಲ ಕಿಟಕಿಗಳೂ ಹಾಗೆಯೇ. ಪರದೆ ಎಳೆಯುವವರಿಲ್ಲ, ಒಂಟಿ ಹೂದಾನಿ ಇಡುವವರೂ ಇಲ್ಲ. ಶನಿವಾರ ಬೆಳಿಗ್ಗೆಯಿಡೀ ಜನ ಈ ಕಿಟಕಿಯೊಳಗೆ ಕಣ್ಣು ಹಾಯಿಸಿ ಸೈಕಲ್ ತುಳಿದುಕೊಂಡು ಹೋಗಿದ್ದರು. ಎಡಕ್ಕೊಂದು, ಬಲಕ್ಕೊಂದು ಹೂದಾನಿ ಇದ್ದ ಜಾಗದಲ್ಲೇ ಇದ್ದವು. ಅವುಗಳ ಕೆಳಗೆ, ಮನೆಯೊಳಗೆ, ಮನುಷ್ಯ ಬಿದ್ದಿದ್ದಾನೆಂದು ಯಾರಿಗೂ ಅನ್ನಿಸಿರಲಿಲ್ಲ.

ಅವಳು ಮೊದಲು ಬಲಗಡೆಯ ಹೂದಾನಿಯ ಕೊಂಬೆಗಳನ್ನು ಒಂದೊಂದಾಗಿ ತೆಗೆದು ಕಂಬಳಿಯ ಮೇಲಿಟ್ಟಳು. ಒಣಗಿಸಿದ ಹೈಡ್ರಾಂಜಿಯಾ ಗೊಂಚಲುಗಳು, ಅವುಗಳ ಹಿಂದೆ ಸೊಟ್ಟ ವಿಲೋ ಕಡ್ಡಿಗಳು. ಉದ್ದನೆಯವು ಕೋಣೆಯ ಕಡೆಗೆ, ಬಾಗಿದವು ಬೀದಿಯ ಕಡೆಗೆ. ಒಂದು ಗೊಂಚಲಿನ ಬಳಿ ಅವಳ ಕೈ ನಿಂತಿತು.

“ಇದನ್ನ ಯಾರೋ ತೆಗೆದು ಮತ್ತೆ ಇಟ್ಟಿದ್ದಾರೆ. ಮುರಿದ ಗೊಂಚಲನ್ನ ನಾನು ಒಳಗಡೆ ಮರೆಸಿ ಇಟ್ಟಿದ್ದೆ. ಈಗ ಮುಂದೆ ಬಂದಿದೆ. ಮಿಕ್ಕಿದ್ದೆಲ್ಲ ಸರಿಯಾಗೇ ಇಟ್ಟಿದ್ದಾರೆ. ಚೆನ್ನಾಗೇ ಇಟ್ಟಿದ್ದಾರೆ.”

“ಧೂಳು ಒರೆಸೋರು ಇರಬಹುದು,” ಎಂದರು ಹೀಮ್‌ಸ್ಟ್ರಾ.

“ಧೂಳು ಒರೆಸೋರು ಹೂವನ್ನ ಕಟ್ಟು ಕಟ್ಟಿ ತುರುಕ್ತಾರೆ ಸಾರ್. ಹೀಗೆ ಇಡಲ್ಲ.”

ಆಮೇಲೆ ಅವಳು ಎಡಗಡೆಯ ಹೂದಾನಿಗೆ ಹೋದಳು. ಅದರ ಕೊಂಬೆಗಳನ್ನೂ ತೆಗೆದಿಟ್ಟು, ಕೊರಳೊಳಗೆ ಕೈ ಬಿಟ್ಟು ಒಂದು ಹಗ್ಗದ ತುದಿಯನ್ನು ಹಿಡಿದು ಎಳೆದಳು. ಹಾಯಿಬಟ್ಟೆಯ ಉದ್ದನೆಯ ಚೀಲವೊಂದು ಬಾವಿಯಿಂದ ಬಿಂದಿಗೆ ಬಂದಂತೆ ಮೇಲೆ ಬಂತು. ಕಂಬಳಿಯ ಮೇಲೆ ಇಟ್ಟಾಗ ದೊಪ್ಪೆಂದಿತು.

“ಇದು ನನ್ನದು. ಮರಳಿನ ಚೀಲ. ಎತ್ತರದ ಹೂದಾನಿ ಖಾಲಿ ನಿಲ್ಲಬಾರದು. ಯಾರಾದ್ರೂ ಮೊಣಕೈ ತಗುಲಿಸಿದರೆ ಸಾಕು, ಮಗುಚುತ್ತೆ. ಅದಕ್ಕೆ ತಳಕ್ಕೆ ಭಾರ ಹಾಕ್ತೀನಿ. ಸಡಿಲ ಮರಳು ಸುರಿದರೆ ತೇವ ಹಿಡಿಯುತ್ತೆ, ಅದಕ್ಕೆ ಚೀಲ.” ಬಲಗಡೆಯದನ್ನು ತೋರಿಸಿದಳು. “ಇದರಲ್ಲೂ ಇಂಥದ್ದೇ ಇರಬೇಕಿತ್ತು. ಮೈಂಡರ್ಟ್, ತಳ ಹಿಡಿ.”

ಗಂಡ ಹೆಂಡತಿ ಇಬ್ಬರೂ ಸೇರಿ ಹೂದಾನಿಯನ್ನು ಎತ್ತಿ, ಮಗುವನ್ನು ಮಲಗಿಸುವಂತೆ ಮಲಗಿಸಿ ಬಗ್ಗಿಸಿದರು. ಕೊರಳಿನಿಂದ ಬಿಳಿಯ ಚಿಪ್ಪುಗಳು ಸುರಿದವು. ಸಣ್ಣವು, ಉಗುರಿನಷ್ಟು ದೊಡ್ಡವು, ಗೆರೆಗೆರೆಯವು. ಸುರಿದು ಸುರಿದು ರಾಶಿಯಾದವು.

ಇನ್‌ಸ್ಪೆಕ್ಟರ್ ಬಾಗಿಲು ಬಿಟ್ಟು ಹತ್ತಿರ ಬಂದರು. “ಸಮುದ್ರದ ಊರು. ಚಿಪ್ಪು ಎಲ್ಲಿಲ್ಲ?”

“ಹೂದಾನಿಯೊಳಗೆ ಇರೋದು ಒಂದೇ ಮನೆಯಲ್ಲಿ. ಬೌಕ್ಯೆ ಅವರ ಮನೆಯಲ್ಲಿ.”

ಸತ್ತವನ ತಂಗಿ ಬೌಕ್ಯೆ ಕಾಲುವೆಯ ಆಚೆ ದಂಡೆಯಲ್ಲಿದ್ದಳು. ತಾಯಿಯ ಕಾಲದ ನಾಲ್ಕು ಹೂದಾನಿಗಳಲ್ಲಿ ಒಂದು ಜೋಡಿ ಅಣ್ಣನಿಗೆ, ಒಂದು ಜೋಡಿ ತಂಗಿಗೆ ಹೋಗಿತ್ತು. ಎರಡೂ ಕಿಟಕಿಗಳನ್ನು ಸಿಂಗರಿಸಿದ್ದು ವೀಟ್ಸ್ಕೆಯೇ. ಮರಳು ಹಾಕಲು ಹೋದಾಗ ಬೌಕ್ಯೆ ತಡೆದಿದ್ದಳು. ತೀರಿಕೊಂಡ ಗಂಡ ವ್ಲೀಲ್ಯಾಂಡ್ ದ್ವೀಪದಿಂದ ಪ್ರತಿ ಬೇಸಿಗೆ ತಂದು ಗುಡ್ಡೆ ಹಾಕಿದ್ದ ಚಿಪ್ಪುಗಳಿವೆ, ಅವನ್ನೇ ಹಾಕು ಎಂದಿದ್ದಳು. ವೀಟ್ಸ್ಕೆ ಹಾಕಿದ್ದಳು.

“ಅಂದ್ರೆ ಇದು ಬೌಕ್ಯೆಯ ಹೂದಾನಿ ಅಂತೀರಾ?”

“ಹೌದು. ಆ ಸಂಜೆ ಇಲ್ಲಿ ಜಗಳವಾಗಿದೆ. ಅಣ್ಣನ ಹೂದಾನಿ ಒಡೆದಿದೆ. ಬೆಳಿಗ್ಗೆ ಕಿಟಕಿಯಲ್ಲಿ ಒಂದೇ ಹೂದಾನಿ ನಿಂತಿದ್ದರೆ ಇಡೀ ಬೀದಿ ಬಾಗಿಲು ತಟ್ಟುತ್ತೆ. ಅದಕ್ಕೆ ತನ್ನದನ್ನ ತಂದು ನಿಲ್ಲಿಸಿದ್ದಾಳೆ. ಈಗ ಆಕೆಯ ಮನೆಯಲ್ಲಿ ಒಂದೇ ಉಳಿದಿರಬೇಕು. ನಿನ್ನೆ ಆ ದಾರಿಯಲ್ಲಿ ಹೋದೆ ಸಾರ್. ಕಿಟಕಿಯಲ್ಲಿ ಹೂದಾನಿಗಳೇ ಇಲ್ಲ. ಎರಡು ಆರ್ಕಿಡ್ ಕುಂಡ ಇವೆ. ಒಂಟಿ ಹೂದಾನಿ ಇಡೋಕೆ ಆಗಲ್ಲವಲ್ಲ, ಅದನ್ನೂ ತೆಗೆದುಬಿಟ್ಟಿದ್ದಾಳೆ.”

ಹೀಮ್‌ಸ್ಟ್ರಾ ಒಂದು ಚಿಪ್ಪನ್ನು ಎತ್ತಿ ಬೆಳಕಿಗೆ ಹಿಡಿದರು. “ನಿಮ್ಮ ತಮ್ಮ ಮೀನಿನ ಕಟ್ಟೆಯಲ್ಲಿ ನಿಂತು ಸಿಬ್ರೆನ್‌ಗೆ ಕೈ ತೋರಿಸಿ ಬೈದದ್ದನ್ನ ಊರೇ ನೋಡಿದೆ. ತಲೆಬುರುಡೆ ಒಡೆದಿದೆ, ಚರ್ಮ ಹರಿದಿಲ್ಲ ಅಂತಾರೆ ಡಾಕ್ಟರ್. ಭಾರವಾದ, ಮೆತ್ತನೆಯ ವಸ್ತು. ನಿಮ್ಮ ತಮ್ಮನ ದೋಣಿಯ ಅಂಚಿನಲ್ಲಿ, ದಡಕ್ಕೆ ಬಡಿಯದಿರಲಿ ಅಂತ, ಹಗ್ಗ ಸುತ್ತಿದ ಉಂಡೆಗಳು ನೇತಾಡ್ತಾವೆ. ಅದಕ್ಕೆ ಏನು ಹೇಳ್ತೀರಿ?”

“ಬಂದರಿನ ಎಲ್ಲ ದೋಣಿಗಳಲ್ಲೂ ನೇತಾಡ್ತಾವೆ. ಎಲ್ಲರನ್ನೂ ಹಿಡಿದಿದ್ದೀರಾ?”

ಇನ್‌ಸ್ಪೆಕ್ಟರ್ ಚಿಪ್ಪನ್ನು ಜೇಬಿಗೆ ಹಾಕಿಕೊಂಡರು. “ಇವತ್ತು ಸಂಜೆಯ ಮೇಲೂ ಡೌವೆಯನ್ನ ಒಳಗಿಡಬೇಕಾದರೆ ನ್ಯಾಯಾಧೀಶರ ಮುಂದೆ ನಾನು ಗಟ್ಟಿಯಾಗಿ ಮಾತಾಡಬೇಕು. ಇದನ್ನ ನೋಡಿದ ಮೇಲೆ ನನ್ನ ಗಂಟಲು ಅಷ್ಟು ಗಟ್ಟಿ ಇಲ್ಲ. ಅವನನ್ನ ಬಿಡ್ತೀನಿ. ಆಮೇಲೆ ಬೌಕ್ಯೆಯನ್ನ ನೋಡ್ತೀನಿ. ನೀವು ಮಾತ್ರ ನನಗಿಂತ ಮುಂಚೆ ಅಲ್ಲಿಗೆ ಹೋಗಬೇಡಿ.”

“ಸರಿ ಸಾರ್,” ಎಂದಳು ವೀಟ್ಸ್ಕೆ.

ವ್ಯಾನ್ ಹತ್ತಿದ ಕೂಡಲೇ, “ಬೌಕ್ಯೆ ಮನೆಗೆ ನಡಿ,” ಎಂದಳು.

ಮೈಂಡರ್ಟ್ ಕೀಲಿ ತಿರುಗಿಸದೆ ಅವಳನ್ನೇ ನೋಡಿದ. “ಈಗ ತಾನೇ ಹೋಗಬೇಡಿ ಅಂದರು.”

“ಪೊಲೀಸು ಹೋದರೆ ಆಕೆ ವಕೀಲರನ್ನ ಕರೀತಾಳೆ. ನಾನು ಹೋದರೆ ಕಾಫಿ ಕೊಡ್ತಾಳೆ. ಹೂದಾನಿ ನೋಡೋದು ನನ್ನ ಕೆಲಸ.”

ಅವನು ಗಾಡಿ ಎಬ್ಬಿಸಿದ. ದಾರಿಯಲ್ಲಿ ಮಾತಾಡಲಿಲ್ಲ. ಹಸಿದಾಗ ಅವನು ಹೀಗೇ. ವೀಟ್ಸ್ಕೆ ಡಬ್ಬಿ ತೆಗೆದು ಚೀಸ್ ಇಟ್ಟ ಬ್ರೆಡ್ ಮುಂದೆ ಹಿಡಿದಳು. ಬೇಡವೆಂದು ತಲೆಯಾಡಿಸಿದ. ಬೌಕ್ಯೆಯ ಮನೆಯ ಮುಂದೆ ಅವಳನ್ನು ಇಳಿಸಿ, “ನಾನು ಹೋಗಿ ಡೌವೆಯನ್ನ ಕರ್ಕೊಂಡು ಬರ್ತೀನಿ. ಅವನು ಅಲ್ಲಿ ಒಬ್ಬನೇ ನಿಲ್ಲೋದು ಬೇಡ,” ಎಂದ.

ಅವಳಿಗೆ ಗಂಡನ ಮೇಲೆ ಪ್ರೀತಿ ಉಕ್ಕಿತು. ವ್ಯಾನಿನ ಕಿಟಕಿಯೊಳಗೆ ತಲೆ ಹಾಕಿ ಅವನ ಕೆನ್ನೆ ತಟ್ಟಿ ಮೆಟ್ಟಿಲು ಹತ್ತಿದಳು.

ಬೌಕ್ಯೆ ಬಾಗಿಲು ತೆರೆದಳು. ಉದ್ದನೆಯ, ನೇರ ಬೆನ್ನಿನ ಮುದುಕಿ. ಬೂದು ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಬಾಚಿದ್ದಳು. ಅಣ್ಣ ಸತ್ತು ವಾರವಾಗಿರದಿದ್ದರೂ ಮುಖದಲ್ಲಿ ಅತ್ತ ಗುರುತಿರಲಿಲ್ಲ. ಆದರೆ ಇವಳು ಅಳುವುದನ್ನು ಗಂಡ ಸತ್ತಾಗಲೂ ಯಾರೂ ಕಂಡಿರಲಿಲ್ಲ.

“ನೀನಾ? ಬಾ. ಕಾಲು ಒರೆಸಿಕೋ.”

ಕಾಫಿ ಬಂತು. ಬಿಸ್ಕತ್ತಿನ ಡಬ್ಬಿ ಬಂತು. ವೀಟ್ಸ್ಕೆ ಒಂದು ತೆಗೆದುಕೊಂಡ ಮೇಲೆ ಬೌಕ್ಯೆ ಮುಚ್ಚಳ ಒತ್ತಿ ಮುಚ್ಚಿದಳು. ಅಷ್ಟರಲ್ಲಿ ವೀಟ್ಸ್ಕೆ ಕೋಣೆಯನ್ನು ಓದಿ ಮುಗಿಸಿದ್ದಳು. ಅಗ್ಗಿಸ್ಟಿಕೆಯ ಪಕ್ಕದ ಮೂಲೆಯಲ್ಲಿ ತಾನೇ ಆರಿಸಿಕೊಟ್ಟ ಹೊಳಪಿಲ್ಲದ ಕಂದು ಹೂದಾನಿ, ಅದರಲ್ಲಿ ಉದ್ದನೆಯ ಒಣಹುಲ್ಲು, ಎಲ್ಲ ಸರಿಯಾಗಿತ್ತು. ಕಿಟಕಿ ಮಾತ್ರ ಸರಿಯಿರಲಿಲ್ಲ. ಅಷ್ಟು ಅಗಲದ ಕಟ್ಟೆಯ ಮೇಲೆ ಆರ್ಕಿಡ್‌ಗಳು ಮದುವೆಮನೆಗೆ ತಪ್ಪಿ ಬಂದ ನೆಂಟರಂತೆ ಮುದುರಿ ನಿಂತಿದ್ದವು. ಅವುಗಳ ಸುತ್ತ ಬಣ್ಣದ ಮೇಲೆ ದೊಡ್ಡ ಉಂಗುರದ ಗುರುತು.

“ಈ ಕಿಟಕಿಗೆ ಆರ್ಕಿಡ್ ಸಾಲದು ಬೌಕ್ಯೆ ಅವರೇ.”

“ನಾನು ನಿನ್ನನ್ನ ಕೇಳಲಿಲ್ಲವಲ್ಲ.”

“ನೀಲಿ ಜೋಡಿ ಏನಾಯ್ತು?”

“ಒಳಗಿಟ್ಟೆ.”

“ಯಾಕೆ?”

“ನನ್ನ ಮನೆ, ನನ್ನ ಕಿಟಕಿ. ನಿನಗೆ ಹೇಳಿ ತೆಗೀಬೇಕಾ?”

ವೀಟ್ಸ್ಕೆ ಲೋಟ ಕೆಳಗಿಟ್ಟಳು. ಇಂಥ ಹೊತ್ತಿನಲ್ಲಿ ಸುತ್ತಿಬಳಸಿ ಮಾತಾಡಿದರೆ ಎದುರಿನವರಿಗೆ ಯೋಚಿಸಲು ಸಮಯ ಸಿಗುತ್ತದೆ. “ಒಂದು ಹೂದಾನಿ ನಿಮ್ಮಣ್ಣನ ಕಿಟಕಿಯಲ್ಲಿದೆ. ಈಗ ತಾನೇ ಬಗ್ಗಿಸಿ ನೋಡಿ ಬಂದೆ. ನಿಮ್ಮ ಚಿಪ್ಪು ಸುರೀತು. ನಿಮ್ಮ ಹತ್ತಿರ ಇನ್ನೊಂದೇ ಉಳಿದಿದೆ. ಅಣ್ಣ ತಂಗಿ ಜಗಳ ಆಡಿದ್ರಿ. ಹೂದಾನಿ ಒಡೀತು. ನಿಮ್ಮದನ್ನ ತಂದಿಟ್ಟಿರಿ. ನನ್ನ ತಮ್ಮ ಒಳಗೆ ಕೂತಿದ್ದಾನೆ, ನೀವು ಇಲ್ಲಿ ಆರ್ಕಿಡ್‌ಗೆ ನೀರು ಹಾಕ್ತಾ ಇದ್ದೀರಿ.”

ಬೌಕ್ಯೆ ತನ್ನ ಕಾಫಿಯನ್ನು ಕುಡಿದು ಮುಗಿಸಿದಳು. ಅವಸರ ಮಾಡಲಿಲ್ಲ.

“ಇದನ್ನ ಪೊಲೀಸರಿಗೂ ಹೇಳಿದ್ದೀಯಾ?”

“ಹೇಳಿದ್ದೀನಿ. ಬರ್ತಾ ಇದ್ದಾರೆ.”

“ಒಳ್ಳೇದಾಯ್ತು. ಅವರಿಗೂ ಕಾಫಿ ಇದೆ.” ಎದ್ದು ನಿಂತಳು. “ನೀನು ಚಿಕ್ಕವಳಿದ್ದಾಗಿಂದ ಹೀಗೇ ಕಣೇ. ಒಂದು ಸಲ ನಿನ್ನ ತಲೆಗೆ ಹೊಳೆದರೆ ಮುಗೀತು, ಅದು ಕಲ್ಲಲ್ಲಿ ಕೆತ್ತಿದ ಹಾಗೆ. ಬಾ ಇಲ್ಲಿ.”

ಮೆಟ್ಟಿಲ ಕೆಳಗಿನ ಕಿರುಕೋಣೆಯ ಬಾಗಿಲನ್ನು ಬೌಕ್ಯೆ ಎಳೆದಳು. ಕೋಟುಗಳ ಹಿಂದೆ ಹಳೆಯ ಉಣ್ಣೆ ಹೊದಿಕೆಯೊಂದು ಉಬ್ಬಿಕೊಂಡಿತ್ತು. ಅವಳು ಅದರ ತುದಿ ಹಿಡಿದು ಎತ್ತಿದಳು.

ಎರಡು ಹೂದಾನಿಗಳಿದ್ದವು.

ನೀಲಿ ಹಡಗು, ಅದೇ ಕೊರಳು, ಅದೇ ಹೊಟ್ಟೆ. ಒಂದರಲ್ಲೂ ಬಿರುಕಿರಲಿಲ್ಲ. ವೀಟ್ಸ್ಕೆ ಮಂಡಿಯೂರಿ ಕೂತು ಒಂದನ್ನು ವಾಲಿಸಿದಳು. ಗಲಗಲ. ಇನ್ನೊಂದನ್ನು ವಾಲಿಸಿದಳು. ಗಲಗಲ.

“ಅಣ್ಣನ ಕಿಟಕಿಯಲ್ಲೂ ಇದೇ ಜೋಡಿ, ನನ್ನ ಕಿಟಕಿಯಲ್ಲೂ ಇದೇ ಜೋಡಿ,” ಎಂದಳು ಬೌಕ್ಯೆ. ಅವಳ ದನಿ ಮೊದಲ ಸಲ ಸ್ವಲ್ಪ ಇಳಿದಿತ್ತು. “ಅಲ್ಲಿ ನೋಡಿ ಮುಗಿಸಿದವರೆಲ್ಲ ಸೇತುವೆ ದಾಟಿ ಇಲ್ಲಿಗೆ ಬಂದು ನಿಂತು ನೋಡ್ತಿದ್ದರು. ಪರದೆ ಎಳೆದರೆ ಏನೋ ಮುಚ್ಚಿಡ್ತಾಳೆ ಅಂತಾರೆ. ಅದಕ್ಕೆ ಹೂದಾನಿ ತೆಗೆದೆ. ತಿಳೀತಾ?”

ನಾಲ್ಕಕ್ಕೆ ನಾಲ್ಕೂ ಗಟ್ಟಿಯಾಗಿದ್ದವು. ಏನೂ ಒಡೆದಿರಲಿಲ್ಲ. ಯಾವುದೂ ಬದಲಾಗಿರಲಿಲ್ಲ. ಬೆಳಗಿನಿಂದ ತಾನು ಅಷ್ಟು ಧೈರ್ಯವಾಗಿ ಹೇಳುತ್ತ ಬಂದ ಮಾತು ಈ ಕಿರುಕೋಣೆಯಲ್ಲಿ ಕೋಟುಗಳ ನಡುವೆ ಮುಗಿದುಹೋಗಿತ್ತು.

ಆದರೂ ಚಿಪ್ಪು ಸುರಿದದ್ದು ನಿಜ. ಚಿಪ್ಪಿಗೆ ಕಾಲಿಲ್ಲ.

“ನಿಮ್ಮ ಚಿಪ್ಪು ಅಲ್ಲಿಗೆ ಹೇಗೆ ಹೋಯ್ತು?”

“ಅದನ್ನ ಮೊದಲೇ ಕೇಳಿದ್ದರೆ ಇಷ್ಟೆಲ್ಲ ಭಾಷಣ ಬೇಕಾಗಿರಲಿಲ್ಲ. ಹಿತ್ತಿಲಲ್ಲಿ ಇನ್ನೂ ಒಂದು ಪೀಪಾಯಿ ಇದೆ. ಅಣ್ಣ ಸಾಯೋ ಹಿಂದಿನ ದಿನ, ಗುರುವಾರ, ಬಂದು ಒಂದು ಬಕೆಟ್ ತುಂಬಿಸಿಕೊಂಡು ಹೋದ.”

“ಯಾರು?”

“ನಿನ್ನ ತಮ್ಮ. ಡೌವೆ. ನಿನಗೆ ಬೇಕಂತೆ ಅಂದ.”

ವೀಟ್ಸ್ಕೆ ಎದ್ದು ನಿಂತಳು. ಅವಳು ಯಾರ ಬಳಿಯೂ ಚಿಪ್ಪು ಕೇಳಿರಲಿಲ್ಲ.

ಹೊದಿಕೆಯ ಮೇಲೆ ಕೈಯಿಟ್ಟು ನಿಂತಿದ್ದಂತೆಯೇ ಉಳಿದದ್ದೆಲ್ಲ ಒಂದಾದ ಮೇಲೊಂದು ಅವಳ ಕಣ್ಣ ಮುಂದೆ ಬಂತು. ಹೂದಾನಿ ಬದಲಾಗಿಲ್ಲ ಎಂದರೆ ಒಳಗಿನದು ಬದಲಾಗಿದೆ. ಒಳಗಿನಿಂದ ಹೋದದ್ದು ಮರಳಿನ ಚೀಲ. ಉದ್ದನೆಯದು, ಭಾರವಾದದ್ದು, ಮೆತ್ತನೆಯದು, ಬಾಯಿಗೆ ಹಿಡಿಯಲು ಹಗ್ಗ ಕಟ್ಟಿದ್ದು. ಬೀಸಿದರೆ ತಲೆಬುರುಡೆ ಒಡೆಯುತ್ತದೆ, ಚರ್ಮ ಹರಿಯುವುದಿಲ್ಲ. ಅದನ್ನು ಹೊಲಿದವಳು ತಾನೇ.

ಕೊಂದವನು ಚೀಲವನ್ನು ಕೊಂಡೊಯ್ದ. ಅದು ಸರಿ. ಆದರೆ ಬೇರೆ ಯಾರಾದರೂ ಆಗಿದ್ದರೆ ಕೊಂಬೆಗಳನ್ನು ಹೂದಾನಿಗೆ ತುರುಕಿ ಓಡಿಹೋಗುತ್ತಿದ್ದರು. ಖಾಲಿ ಹೂದಾನಿ ಕಿಟಕಿಯಲ್ಲಿ ನಿಂತರೆ ಅವರಿಗೇನು? ಇವನು ಮುಂಚೆಯೇ ಬಕೆಟ್ ಚಿಪ್ಪು ತಂದಿಟ್ಟಿದ್ದ. ಹೆಣದ ಪಕ್ಕ ನಿಂತು ಹೂದಾನಿಗೆ ಭಾರ ತುಂಬಿದ್ದ. ಉದ್ದನೆಯವು ಕೋಣೆಯ ಕಡೆಗೆ, ಬಾಗಿದವು ಬೀದಿಯ ಕಡೆಗೆ ಕೊಂಬೆ ಜೋಡಿಸಿದ್ದ. ಎತ್ತರದ ಹೂದಾನಿ ಖಾಲಿ ನಿಲ್ಲಬಾರದು ಎಂದು ಅವಳ ಬಾಯಿಂದಲೇ ಕೇಳಿ ಕೇಳಿ, ಅದು ಕೈಗೆ ಅಭ್ಯಾಸವಾಗಿಬಿಟ್ಟವನು. ಡೌವೆ ಮೀನು ಸಿಗದ ತಿಂಗಳುಗಳಲ್ಲೆಲ್ಲ ಅವಳ ಅಂಗಡಿಯಲ್ಲಿ ಮರಳು ಹೊತ್ತವನು.

ಬೀದಿಯಲ್ಲಿ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಬೌಕ್ಯೆ ಮುಂದಿನ ಕೋಣೆಗೆ ಹೋದಳು. ವೀಟ್ಸ್ಕೆ ಅವಳ ಹಿಂದೆ ಬಂದು ನಿಂತಳು. ಆರ್ಕಿಡ್‌ಗಳ ನಡುವಿನಿಂದ ಇಡೀ ದಂಡೆ ಕಾಣುತ್ತಿತ್ತು. ಇನ್‌ಸ್ಪೆಕ್ಟರ್ ಹೀಮ್‌ಸ್ಟ್ರಾ ಕಾರಿಗೆ ಬೀಗ ಹಾಕುತ್ತಿದ್ದರು. ಅವರ ಪಕ್ಕದಲ್ಲಿ ಡೌವೆ ನಿಂತಿದ್ದ. ಗಡ್ಡ ಬೆಳೆದಿತ್ತು. ಅಕ್ಕನನ್ನು ಕಂಡು ಎರಡೂ ಕೈ ಎತ್ತಿ ಆಡಿಸಿದ.

“ಬಿಟ್ಟುಬಿಟ್ಟರಲ್ಲ,” ಎಂದಳು ಬೌಕ್ಯೆ. ಅವಳು ವೀಟ್ಸ್ಕೆಯ ಕಡೆ ತಿರುಗಿ ನೋಡಲಿಲ್ಲ. “ನಾನು ಬಕೆಟ್ ಮಾತು ಎತ್ತಲ್ಲ. ಕೇಳಿದರೆ ಸುಳ್ಳೂ ಹೇಳಲ್ಲ. ಕೇಳೋ ಹಾಗೆ ಮಾಡೋದು ಬಿಡೋದು ನಿನಗೆ ಸೇರಿದ್ದು.”

ಒಂದು ಗಳಿಗೆ ವೀಟ್ಸ್ಕೆಗೆ ಆಸೆಯಾಯಿತು. ನಾನು ತಪ್ಪಿದೆ, ಕ್ಷಮಿಸಿ ಎಂದಷ್ಟೇ ಹೇಳಿ ತಮ್ಮನನ್ನು ಮನೆಗೆ ಕರೆದುಕೊಂಡು ಹೋಗಬಹುದು. ಬಿಸಿ ಸೂಪು ಬಡಿಸಬಹುದು. ಹೊರಬಂದವನನ್ನು ಮತ್ತೆ ಒಳಗೆ ತಳ್ಳುವಷ್ಟು ಗೊತ್ತಿರುವುದು ಈಗ ತನಗೊಬ್ಬಳಿಗೇ.

ಬಾಗಿಲು ತಾನೇ ತೆರೆದಳು.

“ಅಕ್ಕಾ,” ಎಂದು ಡೌವೆ ಅವಳನ್ನು ಅಪ್ಪಿಕೊಂಡ. “ಆ ಠಾಣೆಯ ಕಾಫಿ ಕುಡಿದು ಸಾಯಬೇಕಾಗಿತ್ತು. ನೀನು ಹೂದಾನಿ ಅಲ್ಲಾಡಿಸಿ ಬಿಡಿಸಿದೆಯಂತೆ?”

“ಒಳಗೆ ಬಾ. ಸಾರ್, ನೀವೂ ಬನ್ನಿ.” ಅವಳು ಬಾಗಿಲು ಹಾಕಿದಳು. ದನಿ ಎಂದಿನಂತೆ ಗಟ್ಟಿಯಾಗಿಯೇ ಬಂತು. “ನಾನು ಬೆಳಿಗ್ಗೆ ಹೇಳಿದ್ದು ತಪ್ಪು. ಬೌಕ್ಯೆ ಅವರ ಎರಡು ಹೂದಾನಿಯೂ ಇಲ್ಲೇ ಇವೆ. ಹೋಗಿರೋದು ಹೂದಾನಿ ಅಲ್ಲ, ಮರಳಿನ ಚೀಲ. ಸಿಬ್ರೆನ್‌ಗೆ ಹೊಡೆದಿದ್ದು ಅದರಿಂದಲೇ. ಅದರ ಜಾಗಕ್ಕೆ ಸುರಿದ ಚಿಪ್ಪು ಗುರುವಾರ ಈ ಮನೆಯಿಂದ ಹೋಗಿದೆ.”

ಹೀಮ್‌ಸ್ಟ್ರಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ಯಾರು ತಗೊಂಡು ಹೋಗಿದ್ದು?”

ವೀಟ್ಸ್ಕೆ ತಮ್ಮನ ಮುಖವನ್ನೇ ನೋಡಿದಳು. “ಡೌವೆ, ಗುರುವಾರ ಇಲ್ಲಿಂದ ಚಿಪ್ಪು ತಗೊಂಡು ಹೋದೆಯಾ?”

“ಹೂಂ. ಒಂದು ಬಕೆಟ್.” ಅವನು ಅವರಿಬ್ಬರನ್ನೂ ನೋಡಿದ. ನಗು ಇನ್ನೂ ಮುಖದಲ್ಲೇ ಇತ್ತು, ಎಲ್ಲಿ ಇಳಿಸಬೇಕೆಂದು ತಿಳಿಯದವನಂತೆ. “ಯಾಕೆ, ನಿನಗೆ ಸಿಗಲಿಲ್ವಾ?”

“ನನಗೆ ಬೇಕು ಅಂತ ಯಾರು ಹೇಳಿದ್ದು?”

“ಭಾವ.”

ಬೌಕ್ಯೆ ಮೇಜಿನಿಂದ ಎತ್ತಿಕೊಂಡಿದ್ದ ಖಾಲಿ ಲೋಟವನ್ನು ಮತ್ತೆ ಅಲ್ಲೇ ಇಟ್ಟಳು.

“ಬಂದರಿಗೆ ಬಂದಿದ್ದ,” ಎಂದ ಡೌವೆ. “ಅಕ್ಕನಿಗೆ ಚಿಪ್ಪು ಬೇಕಂತೆ, ನನಗೆ ಆ ಮುದುಕಿಯ ಮುಂದೆ ನಿಲ್ಲೋಕೆ ಭಯ, ನೀನೇ ತಂದುಕೊಡು ಅಂದ. ಕ್ಷಮಿಸಿ ಬೌಕ್ಯೆ ಅವರೇ. ತಂದು ಅವನ ವ್ಯಾನಿನಲ್ಲಿ ಇಟ್ಟೆ. ಅಷ್ಟೇ ಅಕ್ಕಾ. ಯಾಕೆ ಹಾಗೆ ನೋಡ್ತೀಯ?”

ವೀಟ್ಸ್ಕೆಗೆ ಕಿವಿಯಲ್ಲಿ ತನ್ನದೇ ಮಾತು ಕೇಳಿಸಿತು. ಮೈಂಡರ್ಟ್, ತಳ ಹಿಡಿ. ಅವಳು ಇಟ್ಟ ಪ್ರತಿಯೊಂದು ಹೂದಾನಿಯ ತಳವನ್ನೂ ಅವನೇ ಹಿಡಿದಿದ್ದ. ಪ್ರತಿಯೊಂದು ಕೊಂಬೆಯನ್ನೂ ಅವನೇ ಎತ್ತಿಕೊಟ್ಟಿದ್ದ. ಈ ಕೆಲಸವನ್ನೆಲ್ಲ ಕಲಿತವರು ಯಾರು ಯಾರು ಎಂದು ಲೆಕ್ಕ ಹಾಕುವಾಗ ಅವನ ಹೆಸರೇ ಅವಳಿಗೆ ಹೊಳೆದಿರಲಿಲ್ಲ. ತನ್ನ ಕೈಯನ್ನು ತಾನು ಯಾರೂ ಎಣಿಸುವುದಿಲ್ಲ.

“ಮೈಂಡರ್ಟ್ ಎಲ್ಲಿ?” ಎಂದು ಕೇಳಿದಳು. “ನಿನ್ನನ್ನ ಕರ್ಕೊಂಡು ಬರೋಕೆ ಠಾಣೆಗೆ ಬಂದಿದ್ದನಲ್ಲ.”

“ಭಾವನಾ? ಬರಲಿಲ್ಲವಲ್ಲ. ಮೆಟ್ಟಿಲ ಮೇಲೆ ಕಾದು ಕಾದು ಸಾಕಾಯ್ತು. ಕೊನೆಗೆ ಇವರ ಕಾರಲ್ಲಿ ಬಂದೆ.”

ಕಿಟಕಿಯಾಚೆ ದಂಡೆಯ ಉದ್ದಕ್ಕೂ ಸೈಕಲ್‌ಗಳು ಹೋಗುತ್ತಿದ್ದವು. ಹೋಗುತ್ತ ಹೋಗುತ್ತ ಜನ ಒಳಗೆ ಒಂದು ನೋಟ ಹಾಕಿ ಹೋಗುತ್ತಿದ್ದರು. ಒಳಗೆ ನಾಲ್ಕು ಜನ ನಿಂತಿದ್ದರು, ಮೇಜಿನ ಮೇಲೆ ಕಾಫಿ ಇತ್ತು.

“ನಿಮ್ಮ ಗಂಡ ಎಲ್ಲಿಗೆ ಹೋಗಬಹುದು?” ಎಂದು ಹೀಮ್‌ಸ್ಟ್ರಾ ಮೆಲ್ಲಗೆ ಕೇಳಿದರು. ಬೆಳಗಿನಿಂದ ಅವರು ಅವಳೊಡನೆ ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

“ಎಲ್ಲಿಗೋ, ಯಾಕೆ ಹೀಗೆ ಮಾಡಿದನೋ, ಒಂದೂ ಗೊತ್ತಿಲ್ಲ. ನೀಲಿ ವ್ಯಾನು,” ಎಂದಳು. “ನಂಬರ್ ಹೇಳ್ತೀನಿ, ಬರ್ಕೊಳ್ಳಿ.”